ಮಲೆನಾಡಿನ ಮನೆಗೆ ಡಿಶ್: ಎಲ್ಲಿ ನಿಲ್ಲಿಸಬೇಕು, ಎಷ್ಟು ತಿರುಗಿಸಬೇಕು

ಶಿವಮೊಗ್ಗ ಜಿಲ್ಲೆಯ ಎಷ್ಟೋ ಹೆಂಚಿನ ಮನೆಗಳ ಮೇಲೆ ಮೀನಿನ ಮುಳ್ಳಿನಂಥ ಹಳೆಯ ಅಲ್ಯೂಮಿನಿಯಂ ಆಂಟೆನಾ ಈಗಲೂ ನಿಂತಿದೆ. ಅದಕ್ಕೊಂದು ಹೊಸ ಕೇಬಲ್ ಕಟ್ಟಿದರೆ ಚಂದನ ಬರುತ್ತದೆಯೇ ಎಂದು ಕೇಳುವವರಿದ್ದಾರೆ. ಬರುವುದಿಲ್ಲ. ಆ ಆಂಟೆನಾ ಹಿಡಿಯುತ್ತಿದ್ದದ್ದು ನೆಲದ ಮೇಲಿನ ಟವರ್‌ನಿಂದ ಬರುತ್ತಿದ್ದ ಅನಲಾಗ್ ಸಿಗ್ನಲ್. ದೂರದರ್ಶನವು ಅಂಥ ಪ್ರಸಾರವನ್ನು ಹಂತಹಂತವಾಗಿ ನಿಲ್ಲಿಸುತ್ತ ಬಂದು, 2022ರ ಹೊತ್ತಿಗೆ ದೇಶದಲ್ಲಿ ಕೆಲವೇ ಕೆಲವು ಕಡೆ ಬಿಟ್ಟು ಉಳಿದೆಲ್ಲವನ್ನೂ ಮುಚ್ಚಿತು. ನೆಲದ ಟವರ್‌ನಿಂದ ಡಿಜಿಟಲ್ ಪ್ರಸಾರ ಶುರುವಾದ ಊರುಗಳಲ್ಲಿ ಬೆಂಗಳೂರು ಇದೆಯಾದರೂ, ಅಲ್ಲಿಯ ಸಿಗ್ನಲ್ ಮಲೆನಾಡಿನ ತನಕ ತಲುಪುವ ಮಾತೇ ಇಲ್ಲ.

ತಿಂಗಳ ಬಾಡಿಗೆಯಿಲ್ಲದೆ ಗಾಳಿಯಿಂದ ಟಿವಿ ನೋಡಲು ಇಲ್ಲಿ ಉಳಿದಿರುವ ದಾರಿ ಡಿಡಿ ಫ್ರೀ ಡಿಶ್. ಡಿಸೆಂಬರ್ 2004ರಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ 33 ಚಾನೆಲ್‌ಗಳೊಂದಿಗೆ ಶುರುವಾದ ಸೇವೆಯೇ ಇದು. ಈಗ ಇದರ ಸಿಗ್ನಲ್ ಬರುವುದು ನವೆಂಬರ್ 2015ರಲ್ಲಿ ಫ್ರೆಂಚ್ ಗಯಾನಾದ ಕೌರುವಿನಿಂದ ಹಾರಿದ ಜಿಸ್ಯಾಟ್-15 ಉಪಗ್ರಹದಿಂದ. ಸಮಭಾಜಕ ರೇಖೆಯ ಮೇಲೆ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸುಮಾರು 36,000 ಕಿ.ಮೀ. ಎತ್ತರದಲ್ಲಿ ಅದು ನಮಗೆ ಕದಲದಂತೆ ನಿಂತಿದೆ. ಕದಲದೆ ನಿಂತಿರುವುದರಿಂದಲೇ ಡಿಶ್ ಅನ್ನು ಒಮ್ಮೆ ಸರಿಯಾಗಿ ಕೂರಿಸಿದರೆ ಸಾಕು. ಸರಿಯಾಗಿ ಕೂರಿಸುವುದರಲ್ಲೇ ಕಷ್ಟವೆಲ್ಲ ಇರುವುದು, ಏಕೆಂದರೆ ಪೆಟ್ಟಿಗೆಯೊಳಗಿನ ಸೂಚನೆಯ ಹಾಳೆಗೆ ತೀರ್ಥಹಳ್ಳಿ ಗೊತ್ತಿಲ್ಲ.

ಈ ಊರಿನ ಮೂರು ಅಂಕಿ

ಡಿಶ್‌ಗೆ ಮೂರು ಕೋನ ಬೇಕು: ಯಾವ ದಿಕ್ಕು, ಎಷ್ಟು ಎತ್ತರ, ಎಲ್‌ಎನ್‌ಬಿಗೆ (ಡಿಶ್‌ನ ಮುಂದೆ ತೋಳಿನ ತುದಿಯಲ್ಲಿ ಕೂತು ಸಿಗ್ನಲ್ ಹಿಡಿಯುವ ಭಾಗ) ಎಷ್ಟು ಓರೆ. ಶಿವಮೊಗ್ಗದ ಅಕ್ಷಾಂಶ, ರೇಖಾಂಶ ಇಟ್ಟು ಲೆಕ್ಕ ಹಾಕಿದರೆ ದಿಕ್ಕು ಉತ್ತರದಿಂದ ಪ್ರದಕ್ಷಿಣವಾಗಿ 126.6 ಡಿಗ್ರಿ, ಎತ್ತರ 63.6 ಡಿಗ್ರಿ, ಓರೆ 51 ಡಿಗ್ರಿ. ಸಾಗರದಲ್ಲಿ ದಿಕ್ಕು 126.2, ಎತ್ತರ 62.9. ಆಗುಂಬೆಯಲ್ಲಿ ದಿಕ್ಕು 125, ಎತ್ತರ 63.4, ಓರೆ ಸುಮಾರು 53. ಅಂದರೆ ಇಡೀ ಜಿಲ್ಲೆಗೆ ಒಂದೆರಡು ಡಿಗ್ರಿಯಷ್ಟೇ ವ್ಯತ್ಯಾಸ. ಆಗ್ನೇಯ ಮೂಲೆಗಿಂತ ಎಂಟೊಂಬತ್ತು ಡಿಗ್ರಿ ಪೂರ್ವಕ್ಕೆ ತಿರುಗಿ, ತಲೆಯನ್ನು ಚೆನ್ನಾಗಿ ಮೇಲೆತ್ತಿ ನೋಡಿದರೆ ಉಪಗ್ರಹ ಅಲ್ಲಿದೆ.

ಎತ್ತರದ ಅಂಕಿಯಲ್ಲಿ ಮಲೆನಾಡಿಗೆ ಒಂದು ಒಳ್ಳೆಯ ಸುದ್ದಿ ಅಡಗಿದೆ. ‘ನಮ್ಮ ಮನೆ ಗುಡ್ಡದ ಬುಡದಲ್ಲಿದೆ, ಸಿಗ್ನಲ್ ಬರಲಾರದು’ ಎಂಬ ಮಾತು ಹಳೆಯ ಆಂಟೆನಾದ ಕಾಲದ್ದು. ಆಗ ಸಿಗ್ನಲ್ ನೆಲಕ್ಕೆ ಸಮಾನಾಂತರವಾಗಿ ಬರುತ್ತಿತ್ತು, ಗುಡ್ಡ ಅಡ್ಡ ನಿಲ್ಲುತ್ತಿತ್ತು. ಈಗ ಅದು ಬರುವುದು 63 ಡಿಗ್ರಿ ಮೇಲಿನಿಂದ. ಅಷ್ಟು ಮೇಲಿನ ಆಕಾಶವನ್ನು ಮುಚ್ಚುವ ಗುಡ್ಡ ಬೇಕೆಂದರೆ ಮನೆ ಬಂಡೆಗೆ ಅಂಟಿಕೊಂಡೇ ಇರಬೇಕು. ಕಣಿವೆಯ ತಳದ ಒಂಟಿ ಮನೆಗೂ, ಮೊಬೈಲ್ ಸಿಗ್ನಲ್ ಒಂದು ಗೆರೆಯೂ ಬಾರದ ಹಳ್ಳಿಗೂ ಫ್ರೀ ಡಿಶ್ ಶಿವಮೊಗ್ಗ ಪೇಟೆಯಷ್ಟೇ ಚೆನ್ನಾಗಿ ಬರುತ್ತದೆ.

ಅಡ್ಡ ಬರುವುದು ಮರ. ಇದಕ್ಕೊಂದು ಸುಲಭದ ಲೆಕ್ಕವಿದೆ: 63.5 ಡಿಗ್ರಿಯಲ್ಲಿ ಸಿಗ್ನಲ್‌ನ ದಾರಿ ಒಂದು ಮೀಟರ್ ಮುಂದೆ ಹೋದಾಗ ಎರಡು ಮೀಟರ್ ಮೇಲೇರುತ್ತದೆ. ಹಾಗಾಗಿ ಆಗ್ನೇಯ ದಿಕ್ಕಿನ ಯಾವ ಮರವೂ, ಡಿಶ್‌ನ ಮಟ್ಟದಿಂದ ಅಳೆದ ತನ್ನ ಎತ್ತರದ ಅರ್ಧದಷ್ಟಾದರೂ ದೂರದಲ್ಲಿರಬೇಕು. ಅಡಿಕೆ ಮರ 15 ಮೀಟರ್ ಎತ್ತರವಿದ್ದು, ಡಿಶ್ ನೆಲದಿಂದ 3 ಮೀಟರ್ ಮೇಲಿದ್ದರೆ, 12ರ ಅರ್ಧ 6 ಮೀಟರ್. ಸೋಗೆ ಸುತ್ತ ಚಾಚಿಕೊಳ್ಳುವುದರಿಂದ ಇನ್ನೆರಡು ಮೀಟರ್ ಸೇರಿಸಿ. ಸಸಿ ನೆಟ್ಟಿದ್ದರೆ ಹತ್ತು ವರ್ಷದ ನಂತರದ ಎತ್ತರವನ್ನೇ ಲೆಕ್ಕಕ್ಕೆ ಹಿಡಿಯಿರಿ. ಹಲಸು, ಮಾವಿನ ಕೊಂಬೆಯಾದರೆ ಕಡಿಯಬಹುದು. ಫಸಲು ಕೊಡುವ ಅಡಿಕೆಯನ್ನು ಟಿವಿಗಾಗಿ ಕಡಿಯುವ ಅಗತ್ಯ ಎಲ್ಲೂ ಬರುವುದಿಲ್ಲ. ಡಿಶ್ ಅನ್ನೇ ನಾಲ್ಕು ಹೆಜ್ಜೆ ಸರಿಸಿದರೆ ಸಾಲುಗಳ ನಡುವೆ ಆಕಾಶ ಸಿಗುತ್ತದೆ.

ಎಲೆಯ ಸಂದಿಯಿಂದ ಸ್ವಲ್ಪ ಸಿಗ್ನಲ್ ಬಂದೀತು ಎಂದು ನಂಬಿ ಬೇಸಿಗೆಯಲ್ಲಿ ಡಿಶ್ ಕೂರಿಸುವುದು ಇಲ್ಲಿ ಸಾಮಾನ್ಯ ತಪ್ಪು. ಒಣ ಎಲೆ ಸ್ವಲ್ಪ ಬಿಟ್ಟುಕೊಡುತ್ತದೆ. ಮಳೆಯಲ್ಲಿ ನೆಂದ ಎಲೆ ಬಿಡುವುದಿಲ್ಲ. ಮಾರ್ಚಿನಲ್ಲಿ ಓಡುತ್ತಿದ್ದ ಟಿವಿ ಮೃಗಶಿರ ಮಳೆ ಹಿಡಿದೊಡನೆ ನಿಂತರೆ, ಬಾಕ್ಸ್ ಬದಲಿಸುವ ಮೊದಲು ಆಗ್ನೇಯದ ಮರ ನೋಡಿ.

ಜಾಗ ಸರಿಯೇ ಎಂದು ಕಣ್ಣಾರೆ ನೋಡಲು ಸೂರ್ಯನೇ ಸಾಕು. ವರ್ಷಕ್ಕೆ ಎರಡು ಸಲ ಸೂರ್ಯ ಈ ಉಪಗ್ರಹದ ಬೆನ್ನಿಗೇ ಬರುತ್ತಾನೆ: ಮಾರ್ಚ್ 14ರ ಆಸುಪಾಸಿನಲ್ಲಿ ಬೆಳಗ್ಗೆ 11.13ರ ಹೊತ್ತಿಗೆ, ಸೆಪ್ಟೆಂಬರ್ 29ರ ಆಸುಪಾಸಿನಲ್ಲಿ 10.55ರ ಹೊತ್ತಿಗೆ. ಆ ಗಳಿಗೆಯಲ್ಲಿ ಡಿಶ್ ನಿಲ್ಲಿಸಬೇಕೆಂದಿರುವ ಜಾಗಕ್ಕೆ ಪೂರ್ತಿ ಬಿಸಿಲು ಬಿದ್ದರೆ ದಾರಿ ತೆರವಾಗಿದೆ, ನೆರಳು ಬಿದ್ದರೆ ಇಲ್ಲ. ಅದೇ ದಿನಗಳಲ್ಲಿ ಸೂರ್ಯನ ಗದ್ದಲ ಸಿಗ್ನಲ್ ಅನ್ನು ಮುಳುಗಿಸಿ ಕೆಲವು ನಿಮಿಷ ಚಿತ್ರ ಒಡೆಯುವುದೂ ಉಂಟು. ಅದು ಕೆಟ್ಟದ್ದಲ್ಲ, ನಾಲ್ಕಾರು ದಿನದಲ್ಲಿ ತಾನೇ ಸರಿಹೋಗುತ್ತದೆ. ಬರಿಯ ದಿಕ್ಕು ಗುರುತಿಸಲು ಡಿಸೆಂಬರ್ ಮೂರನೇ ವಾರವೂ ಅನುಕೂಲ. 21ರ ಆಚೀಚೆ ಬೆಳಗ್ಗೆ 9.05ಕ್ಕೆ ನೆಟ್ಟಗೆ ನಿಂತ ಕೋಲಿನ ನೆರಳು ಯಾವ ಕಡೆ ಬೀಳುತ್ತದೋ ಅದರ ತೀರ ಎದುರು ದಿಕ್ಕೇ ಉಪಗ್ರಹದ ದಿಕ್ಕು. ಮೊಬೈಲ್‌ನ ದಿಕ್ಸೂಚಿಯನ್ನೂ ಬಳಸಬಹುದು, ಆದರೆ ಜಿಂಕ್ ಶೀಟು, ಕಬ್ಬಿಣದ ಕಂಬ, ಬೈಕು ಇವುಗಳಿಂದ ಮೂರು ಮೀಟರ್ ದೂರ ನಿಂತು ನೋಡಿ. ಶೀಟಿನ ಮಾಡಿನ ಮೇಲೆ ಹತ್ತಿ ನೋಡಿದರೆ ಇಪ್ಪತ್ತು, ಮೂವತ್ತು ಡಿಗ್ರಿ ತಪ್ಪು ತೋರಿಸಬಹುದು.

ಎಷ್ಟು ದೊಡ್ಡ ಡಿಶ್

ಅಂಗಡಿಯವರು ಕೊಡುವುದು 60 ಸೆಂ.ಮೀ. ಡಿಶ್. ಶಿವಮೊಗ್ಗ, ಭದ್ರಾವತಿ, ಶಿಕಾರಿಪುರದ ಕಡೆಗೆ ಅದು ಸಾಕು. ಪಶ್ಚಿಮಕ್ಕೆ ಹೋದಂತೆ ಮಳೆಯೇ ನಿರ್ಧರಿಸುತ್ತದೆ. ಈ ಉಪಗ್ರಹದ ಅಲೆಯ ಉದ್ದ ಬರೀ 2.7 ಸೆಂ.ಮೀ., ದಪ್ಪ ಮಳೆಹನಿ ಅದನ್ನು ಹೀರಿ ಚದುರಿಸುತ್ತದೆ. ವರ್ಷಕ್ಕೆ 7,000 ಮಿ.ಮೀ. ದಾಟುವ ಆಗುಂಬೆ, ಹುಲಿಕಲ್ ಸುತ್ತಮುತ್ತ 60 ಸೆಂ.ಮೀ. ಡಿಶ್ ಇಟ್ಟರೆ ಆಷಾಢವಿಡೀ ‘ಸಿಗ್ನಲ್ ಇಲ್ಲ’ ಎಂಬ ಅಕ್ಷರವನ್ನೇ ನೋಡುತ್ತಿರಬೇಕು.

ಡಿಶ್ ದೊಡ್ಡದಾದಂತೆ ಅದು ಹಿಡಿಯುವ ಸಿಗ್ನಲ್ ವ್ಯಾಸದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. 75 ಸೆಂ.ಮೀ. ಡಿಶ್ 60ಕ್ಕಿಂತ ಸುಮಾರು ಒಂದೂವರೆ ಪಟ್ಟು ಹಿಡಿಯುತ್ತದೆ, 90 ಸೆಂ.ಮೀ. ಎರಡೂಕಾಲು ಪಟ್ಟು. ನನ್ನ ಸಲಹೆ: ಸಾಗರ, ತೀರ್ಥಹಳ್ಳಿ ಪೇಟೆಗೆ 75, ಹೊಸನಗರ, ಬಿದನೂರು ನಗರ, ಆಗುಂಬೆ ಕಡೆಗೆ 90. ಕುಂಭದ್ರೋಣ ಮಳೆ ಹೊಯ್ಯುವಾಗ 90ರ ಡಿಶ್ ಕೂಡ ಸೋಲುತ್ತದೆ, ಆದರೆ ಹತ್ತು ನಿಮಿಷಕ್ಕೆ, ಇಡೀ ಸಂಜೆಗಲ್ಲ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. 60ರ ಡಿಶ್ ಸುಮಾರು 3 ಡಿಗ್ರಿ ಅಗಲದ ಆಕಾಶವನ್ನು ನೋಡುತ್ತದೆ, 90ರದ್ದು 2 ಡಿಗ್ರಿ ಮಾತ್ರ. ತಿರುಗಿಸುವಾಗ ಕೈ ಇನ್ನೂ ನಿಧಾನವಾಗಿರಬೇಕು, ಕಂಬ ಇನ್ನೂ ಗಟ್ಟಿಯಾಗಿರಬೇಕು.

ಮಳೆಯ ಬಗ್ಗೆ ಇನ್ನೊಂದು ಮಾತು. ನಿಮ್ಮ ಅಂಗಳದಲ್ಲಿ ಒಂದು ಹನಿಯೂ ಬೀಳದೆ ಚಿತ್ರ ನಿಂತರೆ ಗಾಬರಿ ಬೇಡ. ಮಳೆಹನಿ ರೂಪುಗೊಳ್ಳುವ ಸುಮಾರು 5 ಕಿ.ಮೀ. ಎತ್ತರವನ್ನು ಸಿಗ್ನಲ್ ದಾಟುವ ಜಾಗ ನಿಮ್ಮ ಮನೆಯಿಂದ ಆಗ್ನೇಯಕ್ಕೆ ಎರಡೂವರೆ ಕಿ.ಮೀ. ಆಚೆಗಿದೆ. ಅಷ್ಟರೊಳಗೆ ಆ ದಿಕ್ಕಿನಲ್ಲಿ ದಟ್ಟ ಮಳೆಯಿದ್ದರೆ ಸಾಕು.

ಯಾವುದಕ್ಕೆ ಕಟ್ಟಬೇಕು

ಮನೆಯ ಪೂರ್ವ ಅಥವಾ ಆಗ್ನೇಯ ಮಗ್ಗುಲು ಎಲ್ಲಕ್ಕಿಂತ ಒಳ್ಳೆಯದು. ಮಳೆಗಾಲದ ಗಾಳಿ ಪಶ್ಚಿಮದಿಂದ ಬೀಸುತ್ತದೆ, ಡಿಶ್ ಆಗ್ನೇಯಕ್ಕೆ ಮುಖ ಮಾಡುತ್ತದೆ, ಮನೆಯೇ ಅದರ ಬೆನ್ನಿಗೆ ತಡೆಯಾಗುತ್ತದೆ. ಮಾಡಿನ ತುದಿಯಲ್ಲಿ ನಿಲ್ಲಿಸಿದ ಡಿಶ್‌ಗೆ ಈ ಆಸರೆ ಇಲ್ಲ. ಗಾಳಿ ಹಿಂದಿನಿಂದ ತುಂಬಿ ಹಾಯಿಯಂತೆ ತಳ್ಳುತ್ತದೆ, ತಿಂಗಳಲ್ಲಿ ಎರಡು ಡಿಗ್ರಿ ಸರಿದರೂ ಚಿತ್ರ ಹೋಯಿತು. ಎತ್ತರದಲ್ಲಿಟ್ಟರೆ ಸಿಗ್ನಲ್ ಹೆಚ್ಚು ಎಂಬುದು ಹಳೆಯ ಆಂಟೆನಾದ ನಿಯಮ, ಡಿಶ್‌ಗೆ ಅದು ಅನ್ವಯಿಸುವುದಿಲ್ಲ. 36,000 ಕಿ.ಮೀ. ದೂರದ ಉಪಗ್ರಹಕ್ಕೆ ನಿಮ್ಮ ಮಾಡಿನ ಎತ್ತರ ಲೆಕ್ಕಕ್ಕೇ ಇಲ್ಲ. ಹೆಂಚು ತೆಗೆದು ರೀಪಿಗೆ ಕಂಬ ಬಿಗಿಯುವುದಂತೂ ಸೋರುವ ಮಾಡನ್ನು ಕೇಳಿ ಪಡೆದಂತೆ.

ಜಂಬಿಟ್ಟಿಗೆಯ ಗೋಡೆಗೆ ನೇರವಾಗಿ ಆಂಕರ್ ಬೋಲ್ಟ್ ಹೊಡೆಯಬೇಡಿ. ಬೋಲ್ಟ್ ಬಿಗಿದಷ್ಟೂ ಕಲ್ಲು ಪುಡಿಯಾಗುತ್ತದೆ, ಒಂದು ಮಳೆಗಾಲದಲ್ಲಿ ರಂಧ್ರ ಸಡಿಲವಾಗುತ್ತದೆ. ಕಾಂಕ್ರೀಟ್ ಕಂಬ ಅಥವಾ ಲಿಂಟೆಲ್ ಇದ್ದರೆ ಅದಕ್ಕೆ 10 ಮಿ.ಮೀ. ಆಂಕರ್ ನಾಲ್ಕು ಹಾಕಿ. ಅದಿಲ್ಲದಿದ್ದರೆ ಅಂಗಳದ ಅಂಚಿನಲ್ಲಿ ಕಂಬ ನೆಡುವುದೇ ಮೇಲು: 30 ಸೆಂ.ಮೀ. ಚೌಕದ, 60 ಸೆಂ.ಮೀ. ಆಳದ ಗುಂಡಿ, ಡಿಶ್‌ನ ಬ್ರಾಕೆಟ್ ಒಳಗೆ ಬಿಗಿಯಾಗಿ ಕೂರುವ ಅಳತೆಯ ಜಿಐ ಪೈಪು, ಪೈಪಿನ ಬುಡದಲ್ಲಿ ಅಡ್ಡಕ್ಕೆ ಬೆಸುಗೆ ಹಾಕಿದ ಸರಳು, ಸಿಮೆಂಟು, ಮರಳು, ಜಲ್ಲಿ 1:2:4. ಅಡ್ಡ ಸರಳು ಇಲ್ಲದಿದ್ದರೆ ಪೈಪು ಕಾಂಕ್ರೀಟಿನೊಳಗೇ ತಿರುಗುತ್ತದೆ. ಕಾಂಕ್ರೀಟ್ ಹಸಿಯಿರುವಾಗಲೇ ಎರಡು ಪಕ್ಕದಿಂದ ತೂಗುಗುಂಡು ಅಥವಾ ಮಟ್ಟದ ಕೊಳವೆ ಹಿಡಿದು ಪೈಪು ನೆಟ್ಟಗಿದೆಯೇ ನೋಡಿ. ವಾರ ನೀರು ಹಾಕಿ ಗಟ್ಟಿಯಾಗಲು ಬಿಡಿ. ಈ ಕೆಲಸ ಮೇ ಮೊದಲ ವಾರದೊಳಗೆ ಮುಗಿಯಬೇಕು. ಪೈಪು ಓರೆಯಾದರೆ ಡಿಶ್ ತಿರುಗಿಸಿದಂತೆಲ್ಲ ಎತ್ತರವೂ ಬದಲಾಗುತ್ತ ಹೋಗಿ, ಇಡೀ ದಿನ ಹುಡುಕಿದರೂ ಸಿಗ್ನಲ್ ಸಿಗುವುದಿಲ್ಲ.

ಸೂರಿನ ಕೆಳಗೆ ಡಿಶ್ ಬರಬಾರದು. ಸೂರು ಆಕಾಶವನ್ನು ಮುಚ್ಚುತ್ತದೆ, ಅದರ ನೀರಿನ ಧಾರೆ ಎಲ್‌ಎನ್‌ಬಿಯ ಮೇಲೇ ಬೀಳುತ್ತದೆ. ಸೂರಿನ ನೀರು ಬೀಳುವ ಗೆರೆಯಿಂದ ಡಿಶ್ ಪೂರ್ತಿ ಹೊರಗಿರಲಿ. ಅಡಿಕೆ ಒಣಗಿಸುವ ಚಪ್ಪರವನ್ನೂ ಮರೆಯಬೇಡಿ. ಕೊಯ್ಲಿನ ಕಾಲಕ್ಕೆ ಅಲ್ಲೊಂದು ಅಟ್ಟ ಏಳುತ್ತದೆ.

ಕೂರಿಸುವ ಕ್ರಮ

ಎಲ್‌ಎನ್‌ಬಿಯ ಮೇಲಿನ ಚೀಟಿ ಓದಿ. 9750 ಮತ್ತು 10600 ಎಂದು ಎರಡೂ ಬರೆದಿರುವ ಯೂನಿವರ್ಸಲ್ ಎಲ್‌ಎನ್‌ಬಿ ಬೇಕು. ಬಾಕ್ಸ್ ಎಂಪಿಇಜಿ-4 (ಚಿತ್ರವನ್ನು ಕುಗ್ಗಿಸಿ ಕಳಿಸುವ ಹೊಸ ವಿಧಾನ) ಬಲ್ಲದ್ದಾಗಿರಲಿ. ಹಳೆಯ ಎಂಪಿಇಜಿ-2 ಬಾಕ್ಸ್‌ನಲ್ಲಿ ಎಲ್ಲ ಚಾನೆಲ್ ಬರುವುದಿಲ್ಲ. ಒಳಗೇ ಉಪಗ್ರಹ ಟ್ಯೂನರ್ ಇರುವ ಟಿವಿಯಾದರೆ ಕೇಬಲ್ಲನ್ನು ನೇರ ಅದಕ್ಕೇ ಕೊಟ್ಟು, ಬೀಗ ಹಾಕದ ಚಾನೆಲ್‌ಗಳನ್ನು ನೋಡಬಹುದು.

ಬಾಕ್ಸ್ ಮತ್ತು ಚಿಕ್ಕ ಟಿವಿಯನ್ನು ಕಂಬದ ಬುಡಕ್ಕೇ ತನ್ನಿ. ಒಳಗಿನಿಂದ ಒಬ್ಬರು ‘ಬಂತು, ಹೋಯ್ತು’ ಎಂದು ಕೂಗುವ ಪದ್ಧತಿಯಲ್ಲಿ ಅರ್ಧ ಡಿಗ್ರಿಯ ಕೆಲಸ ಆಗದು. ಮೆನುವಿನಲ್ಲಿ ಎಲ್‌ಎನ್‌ಬಿ 9750-10600, ತರಂಗಾಂತರ (ಫ್ರೀಕ್ವೆನ್ಸಿ) 11090, ಧ್ರುವೀಕರಣ ‘ವಿ’ ಅಂದರೆ ಲಂಬ, ಸಿಂಬಲ್ ರೇಟ್ 29500 ಎಂದು ಹಾಕಿ. ಪರದೆಯ ಮೇಲೆ ಎರಡು ಪಟ್ಟಿ ಬರುತ್ತವೆ. ಸ್ಟ್ರೆಂತ್ ಪಟ್ಟಿಯನ್ನು ನಂಬಬೇಡಿ. ಡಿಶ್ ನೆಲ ನೋಡುತ್ತಿದ್ದರೂ, ಎಲ್‌ಎನ್‌ಬಿಗೆ ಕರೆಂಟು ಹೋಗುತ್ತಿದ್ದರೆ ಅದು ಅರ್ಧಕ್ಕೆ ನಿಲ್ಲುತ್ತದೆ. ಕ್ವಾಲಿಟಿ ಪಟ್ಟಿಯೊಂದೇ ನಿಜ ಹೇಳುವುದು.

ಮೊದಲು ಓರೆ. ಮಲೆನಾಡಿನಲ್ಲಿ ಅತಿ ಹೆಚ್ಚು ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು. ಉಪಗ್ರಹ ಒಂದೇ ತರಂಗಾಂತರದಲ್ಲಿ ಲಂಬ, ಅಡ್ಡ ಎಂದು ಎರಡು ಬೇರೆ ಸಿಗ್ನಲ್ ಕಳಿಸಬಲ್ಲದು. ಆ ‘ಲಂಬ’ ಎನ್ನುವುದು ಉಪಗ್ರಹದ ಲೆಕ್ಕದ ಲಂಬ. ಭೂಮಿ ದುಂಡಗಿದೆ, ಉಪಗ್ರಹ ನಮ್ಮಿಂದ 18 ಡಿಗ್ರಿ ಪೂರ್ವಕ್ಕಿದೆ, ನಾವು ಸಮಭಾಜಕಕ್ಕೆ ಹತ್ತಿರದಲ್ಲಿದ್ದೇವೆ. ಈ ಎಲ್ಲ ಕಾರಣದಿಂದ ಅದರ ಲಂಬ ನಮಗೆ 51 ಡಿಗ್ರಿ ವಾಲಿ ಕಾಣುತ್ತದೆ. ದೆಹಲಿಯಲ್ಲಿ ಇದೇ ವಾಲು ಸುಮಾರು 27 ಡಿಗ್ರಿ. ಅಲ್ಲಿ ಎಲ್‌ಎನ್‌ಬಿಯನ್ನು ನೆಟ್ಟಗೆ ಬಿಟ್ಟರೂ ಹೇಗೋ ನಡೆದೀತು. ಇಲ್ಲಿ ನೆಟ್ಟಗೆ ಬಿಟ್ಟರೆ ಬೇಕಾದ ಸಿಗ್ನಲ್ 40 ಶೇಕಡಕ್ಕೆ ಇಳಿಯುತ್ತದೆ, ಬೇಡದ ಅಡ್ಡ ಸಿಗ್ನಲ್ 60 ಶೇಕಡ ಒಳನುಗ್ಗುತ್ತದೆ. ದಿಕ್ಕು, ಎತ್ತರ ಎರಡೂ ಕರಾರುವಾಕ್ಕಾಗಿದ್ದು ಕ್ವಾಲಿಟಿ ಸೊನ್ನೆಯಲ್ಲೇ ನಿಲ್ಲಲು ಇದು ಸಾಕು. ಡಿಶ್‌ನ ಎದುರು ನಿಂತು ಅದರ ಮುಖ ನೋಡಿ. ಕೇಬಲ್ ಸಿಕ್ಕಿಸುವ ತುದಿ ಸಾಮಾನ್ಯ ಎಲ್‌ಎನ್‌ಬಿಯಲ್ಲಿ ಗಡಿಯಾರದ 6ರ ಕಡೆಗೆ ಇರುತ್ತದೆ. ಅದನ್ನು ಮುಳ್ಳು ತಿರುಗುವ ದಿಕ್ಕಿನಲ್ಲಿ 7 ದಾಟಿಸಿ, 8ಕ್ಕೆ ಇನ್ನು ಸ್ವಲ್ಪ ಇದೆ ಎನ್ನುವಲ್ಲಿ ನಿಲ್ಲಿಸಿ. ಎಲ್‌ಎನ್‌ಬಿಯ ಕತ್ತಿನ ಮೇಲೆ ಡಿಗ್ರಿ ಗೆರೆಗಳಿದ್ದರೆ 50ರ ಗೆರೆ ಹಿಡಿಯಿರಿ.

ಆಮೇಲೆ ಎತ್ತರ. ಡಿಶ್ 63 ಡಿಗ್ರಿ ಮೇಲಕ್ಕೆ ನೋಡುತ್ತದೆ ಎಂದು ಮುಖವನ್ನು ಅಷ್ಟು ಮಲಗಿಸಬೇಡಿ. ಈ ಡಿಶ್‌ಗಳ ಆಕಾರವೇ ಓರೆ. ಮುಖ ತೋರುವ ದಿಕ್ಕಿಗಿಂತ 22ರಿಂದ 26 ಡಿಗ್ರಿ ಮೇಲಿನಿಂದ ಅವು ಸಿಗ್ನಲ್ ಹಿಡಿಯುತ್ತವೆ. ಹಾಗಾಗಿ ಮುಖದ ಅಂಚು ನೆಟ್ಟನೆಯ ಗೆರೆಯಿಂದ ಸುಮಾರು 40 ಡಿಗ್ರಿ ಹಿಂದಕ್ಕೆ ವಾಲಿದರೆ ಸಾಕು. ಮೇಲಿನ ಅಂಚಿನಿಂದ ಕೆಳಗಿನ ಅಂಚಿಗೆ ನೇರವಾದ ದಬ್ಬೆ ಇಟ್ಟು, ಅದರ ಮೇಲೆ ಮೊಬೈಲ್‌ನ ಕೋನ ಅಳೆಯುವ ಆ್ಯಪ್ ಇಟ್ಟರೆ ನೆಲದಿಂದ ಸುಮಾರು 50 ಡಿಗ್ರಿ ತೋರಿಸಬೇಕು.

ಈಗ ಕಂಬದ ಮೇಲೆ ಡಿಶ್ ತಿರುಗಿಸಿ. ಪೂರ್ವದಿಂದ ಶುರು ಮಾಡಿ ದಕ್ಷಿಣದ ಕಡೆಗೆ ತನ್ನಿ. 60ರ ಡಿಶ್‌ನಲ್ಲಿ ಅಂಚು 5 ಮಿ.ಮೀ. ಸರಿದರೆ ಒಂದು ಡಿಗ್ರಿ. ಪ್ರತಿ 5 ಮಿ.ಮೀ.ಗೆ ನಿಂತು ಮೂರು ಸೆಕೆಂಡ್ ಕಾಯಿರಿ, ಬಾಕ್ಸ್ ಸಿಗ್ನಲ್ ಗುರುತಿಸಲು ಅಷ್ಟು ಸಮಯ ಬೇಕು. ಬೇಗ ತಿರುಗಿಸಿದವರು ಉಪಗ್ರಹವನ್ನು ದಾಟಿ ಹೋಗಿಬಿಡುತ್ತಾರೆ. ಒಂದು ಸುತ್ತಿನಲ್ಲಿ ಸಿಗದಿದ್ದರೆ ಎತ್ತರವನ್ನು ಒಂದು ಡಿಗ್ರಿ ಏರಿಸಿ ಮತ್ತೆ, ನಂತರ ಇಳಿಸಿ ಮತ್ತೆ. ಪಕ್ಕದಲ್ಲೇ 95 ಡಿಗ್ರಿಯಲ್ಲಿ ಇನ್ನೊಂದು ಉಪಗ್ರಹವಿದೆ. ಸ್ಟ್ರೆಂತ್ ಏರಿ ಕ್ವಾಲಿಟಿ ಸೊನ್ನೆಯೇ ಇದ್ದರೆ ನೀವು ಅದರ ಎದುರು ಇರಬಹುದು, ಸ್ವಲ್ಪ ದಕ್ಷಿಣಕ್ಕೆ ಬನ್ನಿ.

ಕ್ವಾಲಿಟಿ ಬಂದೊಡನೆ ಬೋಲ್ಟ್ ಬಿಗಿಯುವ ಆಸೆಯನ್ನು ತಡೆಯಿರಿ. ಎಡಕ್ಕೆ ತಿರುಗಿಸುತ್ತ ಚಿತ್ರ ಹೋಗುವ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಬಲಕ್ಕೂ ಹಾಗೆಯೇ, ಎರಡರ ನಟ್ಟನಡುವೆ ನಿಲ್ಲಿಸಿ. ಎತ್ತರಕ್ಕೂ ಇದೇ ಕ್ರಮ. ಕೊನೆಗೆ ಎಲ್‌ಎನ್‌ಬಿಯನ್ನು ಐದು ಡಿಗ್ರಿ ಆಚೀಚೆ ತಿರುಗಿಸಿ ಅತಿ ಹೆಚ್ಚು ಕ್ವಾಲಿಟಿ ಕೊಡುವಲ್ಲಿ ಬಿಡಿ. ಬಿಸಿಲಿನಲ್ಲಿ ಚೆನ್ನಾಗಿ ಕಾಣುವ ಚಿತ್ರಕ್ಕೂ ಆರಿದ್ರಾ ಮಳೆಯಲ್ಲಿ ನಿಲ್ಲುವ ಚಿತ್ರಕ್ಕೂ ಇರುವ ವ್ಯತ್ಯಾಸ ಈ ಹದಿನೈದು ನಿಮಿಷದ್ದೇ. ಬೋಲ್ಟ್‌ಗಳನ್ನು ಒಂದಾದ ಮೇಲೊಂದು ಪೂರ್ತಿ ಬಿಗಿಯದೆ, ಎದುರುಬದುರಿನವನ್ನು ಸ್ವಲ್ಪ ಸ್ವಲ್ಪವೇ ಬಿಗಿಯಿರಿ, ಕಣ್ಣು ಕ್ವಾಲಿಟಿ ಪಟ್ಟಿಯ ಮೇಲಿರಲಿ. ಬಿಗಿಯುವಾಗಲೇ ಡಿಶ್ ಒಂದು ಡಿಗ್ರಿ ಜಾರುವುದು ಮಾಮೂಲು.

ಮನೆಯಲ್ಲಿ ಬೇರೆ ಸೇವೆಯ ಹಳೆಯ ಡಿಶ್ ಇದ್ದರೆ ಎಸೆಯಬೇಡಿ. ಟಾಟಾ ಪ್ಲೇಯ ಉಪಗ್ರಹ 83 ಡಿಗ್ರಿಯಲ್ಲಿದೆ. ಅದಕ್ಕೆ ತಿರುಗಿದ್ದ ಡಿಶ್ ಅನ್ನು ಪೂರ್ವಕ್ಕೆ ಸುಮಾರು 25 ಡಿಗ್ರಿ ತಿರುಗಿಸಿ, 8 ಡಿಗ್ರಿ ಕೆಳಗಿಳಿಸಿ, ಓರೆಯನ್ನು ಹೊಸದಾಗಿ ಹೊಂದಿಸಿದರೆ ಆಯಿತು. ಎರಡು ಟಿವಿ ಇದ್ದರೆ ಎರಡು ಬಾಯಿಯ ಎಲ್‌ಎನ್‌ಬಿ ಕೊಂಡು ಎರಡು ಕೇಬಲ್ ಎಳೆಯಿರಿ. ಕೇಬಲ್ ಟಿವಿಯ ಅಗ್ಗದ ಸ್ಪ್ಲಿಟ್ಟರ್ ಇಲ್ಲಿ ನಡೆಯದು.

ನೀರು, ಇರುವೆ, ಸಿಡಿಲು

ಕೇಬಲ್ 75 ಓಮ್‌ನ ಆರ್‌ಜಿ-6 ಆಗಿರಲಿ, 30 ಮೀಟರ್‌ಗಿಂತ ಕಡಿಮೆ ಇರಲಿ, ನಡುವೆ ಜೋಡಣೆ ಬೇಡ. ಇದೇ ಕೇಬಲ್ ಸಿಗ್ನಲ್ ಕೆಳಗೆ ತರುತ್ತದೆ, ಎಲ್‌ಎನ್‌ಬಿಗೆ 13 ವೋಲ್ಟ್ ಮೇಲಕ್ಕೂ ಒಯ್ಯುತ್ತದೆ. ಒದ್ದೆಯಾದ ಕನೆಕ್ಟರ್‌ನಲ್ಲಿ ಆ ವಿದ್ಯುತ್ತೇ ತಾಮ್ರವನ್ನು ಹಸಿರು ಪುಡಿಯಾಗಿ ತಿನ್ನುತ್ತದೆ. ಮಲೆನಾಡಿನಲ್ಲಿ ಎರಡನೇ ಮಳೆಗಾಲಕ್ಕೆ ಟಿವಿ ನಿಲ್ಲುವುದು ಹೆಚ್ಚಾಗಿ ಇದರಿಂದ. ಸ್ಕ್ರೂನಂತೆ ತಿರುಗಿಸುವ ಕನೆಕ್ಟರ್‌ಗಿಂತ ಒತ್ತಿ ಕೂರಿಸುವ ಕಂಪ್ರೆಶನ್ ಕನೆಕ್ಟರ್ ಮೇಲು. ಅದರ ಮೇಲೆ ತನ್ನಷ್ಟಕ್ಕೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಎಳೆದೆಳೆದು ಕೆಳಗಿನಿಂದ ಮೇಲಕ್ಕೆ, ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಬರುವಂತೆ ಸುತ್ತಿ. ಕರೆಂಟಿನ ಕಪ್ಪು ಟೇಪು ಬಿಸಿಲಿಗೆ ಬಿಟ್ಟುಕೊಳ್ಳುತ್ತದೆ. ಗೋಡೆಯೊಳಗೆ ಹೋಗುವ ಮುಂಚೆ ಕೇಬಲ್ಲನ್ನು ಒಂದು ಗೇಣು ಕೆಳಕ್ಕೆ ಜೋತುಬಿಟ್ಟು ಮೇಲೆ ತಂದು ಒಳಗೆ ಬಿಡಿ. ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಎಲ್‌ಎನ್‌ಬಿಯ ಪ್ಲಾಸ್ಟಿಕ್ ಮುಚ್ಚಳ ಬಿರುಕು ಬಿಟ್ಟರೆ ಇರುವೆ, ಕಣಜ ಒಳಗೆ ಗೂಡು ಕಟ್ಟುತ್ತವೆ. ವರ್ಷಕ್ಕೊಮ್ಮೆ, ದೀಪಾವಳಿ ಆದ ಮೇಲೆ, ಮುಚ್ಚಳ ಮತ್ತು ಡಿಶ್‌ನ ಪಾಚಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಮರಳು, ತಂತಿ ಬ್ರಷ್ ಹಾಕಿ ಉಜ್ಜಿದರೆ ಬಣ್ಣ ಹೋಗಿ ತುಕ್ಕು ಹಿಡಿಯುತ್ತದೆ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಟಿವಿಯ ಪ್ಲಗ್ ತೆಗೆದರೆ ಸಾಲದು. ಡಿಶ್‌ನ ಕೇಬಲ್ ಬಾಕ್ಸ್‌ಗೆ ಸಿಕ್ಕಿಕೊಂಡೇ ಇದ್ದರೆ ಸಿಡಿಲಿಗೆ ಅದೇ ದಾರಿ. ಗುಡುಗು ಇನ್ನೂ ದೂರದಲ್ಲಿರುವಾಗಲೇ ಎರಡನ್ನೂ ಕಳಚಿ, ನೆತ್ತಿಯ ಮೇಲೆ ಬಂದ ಮೇಲೆ ಕೇಬಲ್ ಮುಟ್ಟಬೇಡಿ. ಕಬ್ಬಿಣದ ಕಂಬಕ್ಕೆ ದಪ್ಪ ತಾಮ್ರದ ತಂತಿಯಿಂದ ಅರ್ಥಿಂಗ್ ಕೊಡಿಸಿ. ನೇರ ಸಿಡಿಲನ್ನು ಅದು ತಡೆಯಲಾರದು, ಹತ್ತಿರದ ಸಿಡಿಲಿನಿಂದ ಕಂಬದಲ್ಲಿ ಏಳುವ ವಿದ್ಯುತ್ತನ್ನು ನೆಲಕ್ಕಿಳಿಸುತ್ತದೆ.

ಚಿತ್ರ ಎಲ್ಲ ಚಾನೆಲ್‌ನಲ್ಲೂ ಹೋದರೆ ಕೇಬಲ್, ಕನೆಕ್ಟರ್, ಡಿಶ್‌ನ ದಿಕ್ಕು ನೋಡಿ. ಸಂಜೆ ತಂಪಿಗೆ ಬಂದು ಮಧ್ಯಾಹ್ನ ಬಿಸಿಲಿಗೆ ಹೋಗುತ್ತಿದ್ದರೆ ಎಲ್‌ಎನ್‌ಬಿ ಸಾಯುತ್ತಿದೆ. ಕೆಲವೇ ಚಾನೆಲ್ ಕಾಣೆಯಾಗಿ ಉಳಿದವು ಚೊಕ್ಕವಾಗಿ ಬರುತ್ತಿದ್ದರೆ ಡಿಶ್ ಮುಟ್ಟಲೇಬೇಡಿ. ಖಾಸಗಿ ಚಾನೆಲ್‌ಗಳು ಹರಾಜಿನಲ್ಲಿ ಜಾಗ ಕೊಂಡು ಬರುತ್ತವೆ, ಏಪ್ರಿಲ್ 1ಕ್ಕೆ ಪಟ್ಟಿ ಬದಲಾಗುತ್ತದೆ. ಮೆನುವಿನಲ್ಲಿ ಹಳೆಯ ಪಟ್ಟಿ ಅಳಿಸಿ ಆಟೋ ಸ್ಕ್ಯಾನ್ ಒತ್ತಿ.